ಗುರುವಾರ ನಾಲ್ಕು ಗಂಟೆಯ ಕರೆ

ಹಳೇ ರೇಡಿಯೋದ ಬೆನ್ನು ಬಿಚ್ಚಿದರೆ ಮೊದಲು ಸಿಗುವುದು ಜಿರಲೆ ಮೊಟ್ಟೆ. ಆಮೇಲೆ ಇಲಿ ಹಿಕ್ಕೆ. ಹಾಡು ಸಿಕ್ಕರೆ ಅದೃಷ್ಟ. ಆ ಮನೆಯ ಸೊಸೆಗೆ ಇದು ಬಾಯಿಪಾಠವಾಗಿತ್ತು. ಬಿಚ್ಚುವುದು ಗಂಡನ ಕೆಲಸ, ಗುಡಿಸುವುದು ಅವಳದು.

ಗಂಡ ಕರೆಂಟಿನ ಮೀಟರ್ ಓದುವವನು. ದಿನವೆಲ್ಲ ಕಂಡವರ ಮನೆಯ ಮೆಟ್ಟಿಲ ಕೆಳಗೆ ಟಾರ್ಚು ಬಿಡುವಾಗ ಮೀಟರಿನ ಜೊತೆ ಅಲ್ಲಿ ಬಿದ್ದ ಗುಜರಿಯೂ ಕಣ್ಣಿಗೆ ಬೀಳುತ್ತಿತ್ತು. "ನಿಮಗೆ ಬೇಡವಾದ್ರೆ ನಾನು ತಗೊಂಡು ಹೋಗ್ಲಾ?" ಎಂದರೆ ಸಾಕು, ಜನ ಪೀಡೆ ತೊಲಗಿತು ಎಂದು ಕೈಗಿಡುತ್ತಿದ್ದರು. ಹೀಗೆ ಹತ್ತು ವರ್ಷದಲ್ಲಿ ಟೇಪ್ ರೆಕಾರ್ಡರುಗಳು, ಡಯಲ್ ತಿರುಗಿಸುವ ಫೋನುಗಳು, ಕಪ್ಪುಬಿಳುಪು ಟೀವಿ, ಚೀಲಗಟ್ಟಲೆ ಕ್ಯಾಸೆಟ್ಟು ಮನೆ ಸೇರಿದ್ದವು. ಅವು ಮಂಚದ ಕೆಳಗೆ ಇದ್ದಷ್ಟು ದಿನ ಸೊಸೆ ಹಲ್ಲು ಕಚ್ಚಿಕೊಂಡಿದ್ದಳು. ವ್ಯಾನ್ ಓಡಿಸುವ ಗೆಳೆಯನೊಬ್ಬ ಸೇರಿಕೊಂಡು "ಹಳೇ ಕಾಲಕ್ಕೊಂದು ಸಣ್ಣ ಟ್ರಿಪ್" ಎಂದು ಶುರುಮಾಡಿದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ವ್ಯಾನಿನಲ್ಲಿ ಹನ್ನೆರಡು ಜನ ಬರುತ್ತಿದ್ದರು. ಮೊದಲು ಮುಚ್ಚಿಹೋದ ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯ ಮುಂದೆ ಫೋಟೋ, ಆಮೇಲೆ ನಿಂತುಹೋದ ಗಡಿಯಾರದ ಗೋಪುರ, ಕೊನೆಗೆ ಈ ಮನೆ. ಇಲ್ಲಿ ಟೀ, ಬಿಸ್ಕತ್ತು, ಹಳೇ ಸಿನಿಮಾ ಹಾಡು, "ಅಯ್ಯೋ, ನಮ್ಮನೇಲೂ ಇಂಥದ್ದೇ ಇತ್ತು" ಎಂಬ ಮಾತು ಕಡಿಮೆಯೆಂದರೆ ನಲವತ್ತು ಸಲ. ಅವರು ಹೋದ ಮೇಲೆ ನೋಡಿದರೆ ಟೀವಿಯ ತಲೆಯ ಮೇಲೆ ಎಂಜಲು ಲೋಟ, ಫೋನಿನ ಡಯಲ್ ತೂತುಗಳಲ್ಲಿ ಬಿಸ್ಕತ್ತಿನ ಪುಡಿ. ವಾರವಿಡೀ ಲಾಂಡ್ರಿಯ ಕೌಂಟರಿನಲ್ಲಿ ನಿಂತು ಊರವರ ಬೆವರು ಬಟ್ಟೆ ವಿಂಗಡಿಸುವವಳಿಗೆ ರಜೆಯ ದಿನ ಊರವರ ಎಂಜಲು. ಅವಳಿಗೆ ಅಸಹ್ಯವಾಗುತ್ತಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಬಂದವರನ್ನು ಕೂರಿಸಲು ಬೀದಿಗೆ ತೆರೆಯುವ ಕೋಣೆಯೇ ಬೇಕಿತ್ತು. ಅದು ಅತ್ತೆಯ ಕೋಣೆ.

"ಅಮ್ಮ ಗುಬ್ಬಿ ಜೊತೆ ಮಲಗ್ತಾಳೆ ಬಿಡು," ಎಂದ ಗಂಡ. ಗುಬ್ಬಿ ಅಂದರೆ ಅವರ ಹದಿಮೂರು ವರ್ಷದ ಮಗಳು.

"ಅವರನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಾಳಾ?"

ಅತ್ತೆ ಬೇಡ ಅನ್ನಲಿಲ್ಲ. ಹಾಸಿಗೆ ಸುತ್ತಿಕೊಂಡು ಮೊಮ್ಮಗಳ ಕೋಣೆಗೆ ನಡೆದರು. ಅವರು ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಹೆಡ್‌ಫೋನ್ ಒತ್ತಿ ಒತ್ತಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಬೀದಿಯಲ್ಲಿ ಈಗಲೂ ಅವರಿಗೆ ಆಪರೇಟರಮ್ಮ ಎಂದೇ ಹೆಸರು.

ಮೂರನೆಯ ವಾರ ಗಂಡ ಮುಚ್ಚಿದ ಗಿರಣಿಯೊಂದರ ಆಫೀಸಿನಿಂದ ಹಳೇ ಟೆಲಿಫೋನ್ ಸ್ವಿಚ್‌ಬೋರ್ಡ್ ಹೊತ್ತು ತಂದ. ಸಾಲು ಸಾಲು ತೂತು, ಪ್ರತಿ ತೂತಿನ ಮೇಲೆ ಪುಟ್ಟ ದೀಪ, ಕೆಳಗೆ ತುದಿಗೆ ಹಿತ್ತಾಳೆ ಹಚ್ಚಿದ ವೈರುಗಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಇದನ್ನ್ಯಾಕೆ ತಂದೆ?"

"ನಿಂಗೋಸ್ಕರಾನೇ ಅಮ್ಮ. ಖುಷಿಯಾಗ್ಲಿಲ್ವಾ?"

"ಇದರ ಮುಂದೆ ಕೂತಾಗ ಬಚ್ಚಲಿಗೆ ಹೋಗೋಕೂ ಕೈ ಎತ್ತಿ ಕೇಳ್ಬೇಕಿತ್ತು. ಎರಡನೇ ಸಲ ಕೇಳಿದ್ರೆ ಹಿಂದೆ ನಿಂತ ಸೂಪರ್‌ವೈಸರಮ್ಮ ಟೈಮ್ ಬರ್ಕೊಳ್ಳೋಳು."

"ಅದನ್ನೇ ಹೇಳು. ಜನಕ್ಕೆ ಮಜಾ ಬರುತ್ತೆ."

ಅತ್ತೆ ಒದ್ದೆ ಬಟ್ಟೆ ತಂದು ಬೋರ್ಡ್ ಒರೆಸಿದರು. ಮಗ ಕೇಳಿದ್ದಕ್ಕೆ ಇಲ್ಲ ಎಂದು ಅಭ್ಯಾಸವಿಲ್ಲದ ಹೆಂಗಸು.

ಅಂದಿನಿಂದ ಭಾನುವಾರ ಅವರು ಬೋರ್ಡಿನ ಮುಂದೆ ಕೂರಬೇಕಾಯಿತು. ಹಳೇ ಕಾಲದ ಕಳೆ ಬರಲಿ ಎಂದು ಮಗ ಗಾಜಿಲ್ಲದ ದಪ್ಪ ಕನ್ನಡಕವೊಂದನ್ನು ಅವರ ಮೂಗಿಗೇರಿಸಿದ. ಬಂದವರು ಪಕ್ಕದ ಫೋನೆತ್ತಿದರೆ ದೀಪ ಹತ್ತುತ್ತಿತ್ತು, ಅತ್ತೆ ವೈರು ಚುಚ್ಚಿ, "ಯಾವ ನಂಬರು ಬೇಕು?" ಎನ್ನುತ್ತಿದ್ದರು. ಆ ದನಿ ಮಾತ್ರ ಇನ್ನೂ ಇಪ್ಪತ್ತರ ಹುಡುಗಿಯದು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಪ್ರತಿ ಸಲವೂ ಯಾರಾದರೊಬ್ಬರು ಕಣ್ಣು ಮಿಟುಕಿಸಿ ಕೇಳುವರು, "ಜನರ ಗುಟ್ಟೆಲ್ಲ ಕೇಳಿಸ್ಕೊಳ್ತಿದ್ರಿ ಅಲ್ವಾ ಅಜ್ಜಿ?"

"ಲೈನ್ ಸೇರಿತಾ ಅಂತ ನೋಡೋಷ್ಟು ಹೊತ್ತು ಕೇಳ್ಬೇಕು. ಆಮೇಲೆ ನಮ್ಮ ಕಿವಿಗೆ ಬರೋ ಕೀಲಿ ಮುಚ್ಚಬೇಕು."

"ಒಂದಾದ್ರೂ ಹೇಳಿ."

"ಹೇಳೋ ಹಾಗಿಲ್ಲ."

ಬಂದವರ ಮುಖ ಸಪ್ಪೆಯಾಗುತ್ತಿತ್ತು. ಮೀಟರಿನವನಿಗೆ ಒಳಗೊಳಗೇ ಕುದಿಯುತ್ತಿತ್ತು.

ಅತ್ತೆ ಬಾಯಿ ಬಿಟ್ಟಿದ್ದು ಒಂದೇ ಸಲ, ಅದೂ ಸೊಸೆಯ ಮುಂದೆ. ಅಡುಗೆಮನೆಯಲ್ಲಿ ಇಬ್ಬರೂ ಬಟಾಣಿ ಸುಲಿಯುತ್ತಿದ್ದರು. ಸೊಸೆ ಏನೂ ಕೇಳಿರಲಿಲ್ಲ. ಅತ್ತೆ ತಾವಾಗಿಯೇ ಶುರುಮಾಡಿದರು.

"ಒಬ್ಬ ಹೆಂಗಸಿದ್ಲು. ಚಿಕ್ಕ ವಯಸ್ಸು, ಕೈಯಲ್ಲಿ ಕೂಸು. ಗಂಡ ದೂರದ ಊರಲ್ಲಿ ಕೆಲಸ. ಗುರುವಾರ ನಾಲ್ಕು ಗಂಟೆಗೆ ಅಂಗಡಿಗೆ ಫೋನ್ ಮಾಡೋನು. ಅಂಗಡೀಲಿ ಮಾವ, ಗಿರಾಕಿಗಳು, ಎಲ್ಲರೂ ಕಾಯ್ತಿರೋರು. ಆಮೇಲೆ ನಿಲ್ಲಿಸಿಬಿಟ್ಟ. ಇವಳೇ ಟ್ರಂಕ್ ಕಾಲ್ ಬುಕ್ ಮಾಡಿದ್ಲು. ಆ ಕಡೆಯವರು, ಅವನು ಕೆಲಸ ಬಿಟ್ಟು ಯಾರ ಜೊತೆಗೋ ಹೋದ ಅಂದ್ರು. ನಾನೇ ಅವಳಿಗೆ ಹೇಳ್ಬೇಕಾಯ್ತು."

"ಏನಂದ್ಲು?"

"ಲೈನ್ ತೆಗೀಬೇಡಿ ಅಂದ್ಲು, ಮೆಲ್ಲಗೆ. ಆಮೇಲೆ ಜೋರಾಗಿ, ಊಟ ಸರಿಯಾಗಿ ಮಾಡ್ತಿದ್ದೀರಾ, ಇಲ್ಲೆಲ್ಲ ಚೆನ್ನಾಗಿದ್ದಾರೆ ಅಂತ ಮಾತಾಡ್ತಾ ಹೋದ್ಲು. ಮೂರು ನಿಮಿಷ. ಹಿಂದೆ ಗುಂಡಿ ಸುರಿಯೋ ಸದ್ದು, ಬಟ್ಟೆಗೆ ಹಾಕೋ ಗುಂಡಿ. ಮುಂದಿನ ಗುರುವಾರ ನಾಲ್ಕಕ್ಕೆ ನಾನೇ ಆ ಅಂಗಡಿಗೆ ಗಂಟೆ ಹೊಡೆದೆ."

"ನೀವಾ?"

"ಮತ್ತೇನು ಮಾಡ್ಲಿ? ಎತ್ತಿ ಹಲೋ ಅಂದ್ಲು. ನಾನು ಹ್ಞೂಂ ಅಂದೆ. ಎರಡು ವರ್ಷ, ರಜೆ ಹಾಕಿದ ವಾರ ಬಿಟ್ಟು ಎಲ್ಲ ಗುರುವಾರ. ಒಂದಿನ ಅವಳೇ, ಇನ್ನು ಸಾಕು ಅಂದ್ಲು. ಆ ವಾರ ಗಂಡ ತೀರಿಕೊಂಡ ಅಂತ ಊರಿಗೆ ಹೇಳಿದ್ಲು."

ಯಾರಿಗೂ ಹೇಳಬೇಡ ಎಂದು ಅತ್ತೆ ಅನ್ನಲಿಲ್ಲ. ಅದನ್ನು ಹೇಳಬೇಕಾದೀತು ಎಂದು ಅವರಿಗೆ ಅನಿಸಿರಲಿಲ್ಲ.

ನಾಲ್ಕೇ ದಿನ. ಸಂಜೆ ಊಟಕ್ಕೆ ಕೂತಾಗ ಗಂಡ ತಟ್ಟೆ ಕುಟ್ಟಿದ. ಅತ್ತೆ ಸ್ನಾನಕ್ಕೆ ಹೋಗಿದ್ದರು.

"ಅಮ್ಮನ್ನ ಕೂರಿಸಿ ಏನೂ ಪ್ರಯೋಜನ ಇಲ್ಲ. ಕಲ್ಲಿನ ಹಾಗೆ ಕೂತಿರ್ತಾಳೆ. ನೆನಪೇ ಇಲ್ಲ ಅನ್ಸುತ್ತೆ, ವಯಸ್ಸಾಯ್ತಲ್ಲ," ಎಂದು ಬಾಯಿ ಸೊಟ್ಟ ಮಾಡಿ, "ಹೇಳೋ ಹಾಗಿಲ್ಲ, ಹೇಳೋ ಹಾಗಿಲ್ಲ," ಎಂದು ತಾಯಿಯ ಅಣಕ ಮಾಡಿದ. ಗುಬ್ಬಿ ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕಳು.

ಸೊಸೆಗೆ ಮೈಯೆಲ್ಲ ಉರಿಯಿತು. "ಅವರಿಗೆ ನೆನಪಿಲ್ವಾ? ನಿಮಗೇನ್ರೀ ಗೊತ್ತು ಅವರು ಎಂಥವರು ಅಂತ?" ಎಂದು ಶುರುಮಾಡಿದವಳು, ಅತ್ತೆಯನ್ನು ದೊಡ್ಡವರು ಮಾಡುವ ಭರದಲ್ಲಿ ಎಲ್ಲ ಹೇಳಿ ಮುಗಿಸಿದಳು. ಗುಂಡಿಯ ಸದ್ದನ್ನೂ ಬಿಡಲಿಲ್ಲ. ಗಂಡ ತುತ್ತು ಕೈಯಲ್ಲಿ ಹಿಡಿದು ಕೇಳಿದ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ಅವಳಿಗೆ ಸಮಾಧಾನವೂ ಆಯಿತು, ಹಾಳಾದ ಸಮಾಧಾನ.

ಮುಂದಿನ ಎರಡು ಭಾನುವಾರ ಬಂದವರು ಬಹಳ ನಕ್ಕರು. ಯಾಕೆಂದು ಸೊಸೆಗೆ ತಿಳಿಯಲಿಲ್ಲ. ಅವಳು ಒಳಗೆ ಟೀ ಕಾಯಿಸುತ್ತಿದ್ದಳು. ಮೂಲೆಯ ಟೇಪ್ ರೆಕಾರ್ಡರಿಗೆ ಗಂಡ ಹೆಡ್‌ಫೋನ್ ಸಿಕ್ಕಿಸಿಟ್ಟಿದ್ದ. ಜನ ಸರದಿಯಲ್ಲಿ ಅದನ್ನು ಕಿವಿಗಿಟ್ಟುಕೊಂಡು, ಅತ್ತೆಯ ಕಡೆ ನೋಡಿ ನೋಡಿ ನಗುತ್ತಿದ್ದರು. ಅತ್ತೆ, ಪಾಪ, ತಾವೂ ನಗುತ್ತಿದ್ದರು.

ಎರಡನೆಯ ಭಾನುವಾರ ಜನ ಹೋದ ಮೇಲೆ ಸೊಸೆ ಆ ಹೆಡ್‌ಫೋನ್ ಎತ್ತಿದಳು. ಹತ್ತಾರು ತಲೆಯ ಎಣ್ಣೆ ಕುಡಿದು ಅದರ ಸ್ಪಂಜು ಜಿಡ್ಡುಗಟ್ಟಿತ್ತು. ಒರೆಸಿ ಕಿವಿಗಿಟ್ಟಳು.

ಗಂಡನ ದನಿ: "ಗುರುವಾರ ನಾಲ್ಕು ಗಂಟೆಯ ಸಂಸಾರ." ಆಮೇಲೆ ಫೋನಿನ ಗಂಟೆ. ಡಬ್ಬಿಯಲ್ಲಿ ಗುಂಡಿ ಅಲ್ಲಾಡಿಸುವ ಸದ್ದು. ಆಮೇಲೆ ಮಗಳು ಗುಬ್ಬಿ, ಮೂಗಿನಲ್ಲಿ ಎಳೆದೆಳೆದು: "ಏನೂಂದ್ರೇ, ಊಟ ಮಾಡಿದ್ರಾ? ನನ್ನ ನೆನಪು ಬರುತ್ತಾ?" ಗಂಡ ದಪ್ಪ ಹೆಣ್ಣುದನಿ ಮಾಡಿ, "ಹ್ಞೂಂ." ಮತ್ತೆ ಗುಬ್ಬಿ, "ಮುತ್ತು ಕೊಡಿ." "ಹ್ಞೂಂ." ಕೊನೆಗೆ ಮತ್ತೆ ಅವನದೇ ದನಿ, ಅವಳ ಗಂಡ ಓಡಿಹೋದರೂ ಆಪರೇಟರ್ ಓಡಿಹೋಗಲಿಲ್ಲ ಎಂದು.

ಅವಳು ಹೆಡ್‌ಫೋನ್ ಕಿತ್ತು ಒಗೆದಳು.

"ಇದೇನ್ರೀ ಹೇಸಿಗೆ?"

"ಯಾಕೆ? ತಮಾಷೆ ಸ್ವಲ್ಪ ಜಾಸ್ತಿ ಆಯ್ತಾ?"

"ಮಗಳ ಬಾಯಲ್ಲಿ ಇದನ್ನ ಹೇಳಿಸಿದ್ರಲ್ಲ, ನಾಚಿಕೆ ಆಗಲ್ವಾ? ಅತ್ತೆ ಎದುರಿಗೇ ಕೂತಿರ್ತಾರೆ. ಅವರಿಗೆ ಕೇಳ್ಸಲ್ಲ ಅಂತ ತಾನೆ ಹೆಡ್‌ಫೋನ್ ಇಟ್ಟಿದ್ದು?"

"ಹೆಸರು ಹೇಳಿಲ್ಲವಲ್ಲ. ಹೆಸರು ನಂಗೆ ಗೊತ್ತೂ ಇಲ್ಲ."

"ನಾನು ದಿನಾ ಊರವರ ಕೊಳೆ ನೋಡ್ತೀನಿ. ಇದು ಇಂಥವರ ಬಟ್ಟೆ, ಕಲೆ ನೋಡಿ ಅಂತ ಬೀದೀಲಿ ಹರವ್ತೀನಾ?"

"ಮತ್ತೆ ಅಮ್ಮ ಹೇಳಿದ್ದನ್ನ ನನ್ನ ಮುಂದೆ ಯಾಕೆ ಹರವಿದೆ?"

ಗುಬ್ಬಿ ಬಾಗಿಲಲ್ಲಿ ನಿಂತು, "ಚೆನ್ನಾಗಿ ಮಾಡಿಲ್ವಾ ಅಮ್ಮ?" ಎಂದು ಕೇಳಿದಳು.

ಅತ್ತೆಗೆ ಹೇಳಿಬಿಡಬೇಕಿತ್ತು. ಹೇಳಿದರೆ ಮೊದಲು ಹೊರಬೀಳುವುದು ತನ್ನ ಹೆಸರು. ಸೋಮವಾರ ಹೇಳೋಣ ಎಂದುಕೊಂಡಳು, ಬುಧವಾರ ಬಂತು. ಕ್ಯಾಸೆಟ್ಟನ್ನು ಬಚ್ಚಿಟ್ಟರಾಯಿತು ಎಂದುಕೊಂಡಳು, ಗಂಡ ಅದನ್ನು ಚೀಲದಲ್ಲಿ ಹಾಕಿಕೊಂಡೇ ಓಡಾಡುತ್ತಿದ್ದ. ಹಾಗೆ ಭಾನುವಾರ ಬಂದೇಬಿಟ್ಟಿತು.

ಆ ವಾರ ವ್ಯಾನಿನಿಂದ ಇಳಿದದ್ದು ಅರವತ್ತು ದಾಟಿದ ಹೆಂಗಸರ ಕೂಟ. ಅವರಲ್ಲೊಬ್ಬರು ತೆಳ್ಳಗೆ, ನೆಟ್ಟಗೆ, ಕುತ್ತಿಗೆಗೆ ದಾರದಲ್ಲಿ ಕನ್ನಡಕ ಕಟ್ಟಿಕೊಂಡವರು. ಪೇಟೆಯ ತಿರುವಿನಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿಯಾಕೆ. ಸೊಸೆ ಅವರನ್ನು ನೋಡಿದ್ದೇ ಟ್ರೇ ಕೆಳಗಿಟ್ಟಳು. ಲಾಂಡ್ರಿಗೆ ಬೇಕಾದ ಗುಂಡಿಯೆಲ್ಲ ಬರುವುದು ಅದೇ ಅಂಗಡಿಯಿಂದ. ಬಟಾಣಿ ಸುಲಿಯುವಾಗ ಹೊಳೆಯದ್ದು ಈಗ ಒಂದೇ ಏಟಿಗೆ ಹೊಳೆಯಿತು.

ಅವಳು ಟೇಪ್ ರೆಕಾರ್ಡರಿನ ಹತ್ತಿರ ಹೋಗುವಷ್ಟರಲ್ಲಿ ಗುಂಡಿ ಅಂಗಡಿಯಾಕೆ ಹೆಡ್‌ಫೋನ್ ಹಾಕಿಕೊಂಡಾಗಿತ್ತು.

ಆಕೆ ಮಧ್ಯದಲ್ಲಿ ತೆಗೆಯಲಿಲ್ಲ. ಕೊನೆಯವರೆಗೂ ಕೇಳಿ, ಕೆಳಗಿಟ್ಟು, ಬೋರ್ಡಿನ ಬಳಿ ಬಂದು ಬಾಗಿ ಅತ್ತೆಯ ಬಲಗಿವಿಗೆ ಹೇಳಿದರು:

"ಇಪ್ಪತ್ತು ವರ್ಷದಿಂದ ನನ್ನ ಹತ್ರ ಗುಂಡಿ ತಗೊಳ್ತಿದ್ದೀರಿ. ದನಿ ಗುರುತು ಹತ್ತಿತ್ತು. ನಾನು ಯಾವತ್ತೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಈಗ ಯಾಕಮ್ಮ?"

ಅತ್ತೆಗೆ ಅರ್ಥವಾಗಲಿಲ್ಲ. ಎದ್ದು ಹೋಗಿ, ಗಾಜಿಲ್ಲದ ಕನ್ನಡಕದ ಮೇಲೆಯೇ ಹೆಡ್‌ಫೋನ್ ಏರಿಸಿ, ಬಲಗಿವಿಗೆ ಅಂಗೈ ಒತ್ತಿ ಕೇಳಿದರು. ಇಬ್ಬರು ಹೆಂಗಸರು ಫೋನೆತ್ತಿ ವಿಡಿಯೋ ಮಾಡುತ್ತಿದ್ದರು.

ಟೇಪು ನಿಂತಾಗ ಅತ್ತೆ ಮಗನನ್ನು ನೋಡಲಿಲ್ಲ. ಸೊಸೆಯನ್ನು ನೋಡಿದರು. ಆಮೇಲೆ ಗುಂಡಿ ಅಂಗಡಿಯಾಕೆಗೆ, "ನಾನೇ ಹೇಳಿದ್ದು," ಎಂದರು.

ಆಕೆ ವ್ಯಾನಿಗೆ ಕಾಯದೆ ನಡೆದೇ ಹೋದರು.

ಅಂದು ಸಂಜೆಯ ಊಟದಲ್ಲಿ ಗಂಡನಿಗೆ ಹಸಿವು ಜೋರಾಗಿತ್ತು. ಮೂರು ಮೊಟ್ಟೆ ತಿಂದ.

"ಈಕೇನೇ ಆ ಹೆಂಗಸು ಅಂತ ನಂಗೇನು ಕನಸು ಬಿದ್ದಿತ್ತಾ? ಆದ್ರೂ ಎಂಥ ಗಳಿಗೆ ನೋಡು. ನಲವತ್ತು ವರ್ಷದ ಮೇಲೆ ಇಬ್ಬರೂ ಎದುರುಬದುರು. ವ್ಯಾನಿನಲ್ಲಿ ಎಲ್ಲ ಅತ್ತರಂತೆ. ಇನ್ನೂ ಎರಡು ಕೂಟದವರು ಬರ್ತೀವಿ ಅಂದಿದ್ದಾರೆ. ಆಕೇನೂ ಒಪ್ಪಿ ಬಂದು ಕೂತ್ರೆ..."

"ಬಾಯಿ ಮುಚ್ರೀ," ಎಂದಳು ಹೆಂಡತಿ. "ನಿಮ್ಮನ್ನ ನೋಡಿದ್ರೆ ತಿಂದದ್ದು ಮೇಲೆ ಬರ್ತಿದೆ."

"ಆ ಕ್ಯಾಸೆಟ್ಟು ಕೊಡು," ಎಂದರು ಅತ್ತೆ.

ಕೊಟ್ಟ. ಅವರು ತಟ್ಟೆ ಪಕ್ಕಕ್ಕೆ ಸರಿಸಿ, ಚಮಚದ ತುದಿಯಿಂದ ಟೇಪನ್ನು ಮೀಟಿ ಎಳೆಯತೊಡಗಿದರು. ಕಂದು ಬಣ್ಣದ ರಾಶಿ ಅನ್ನದ ಪಾತ್ರೆಯ ಸುತ್ತ ಬೆಳೆಯಿತು. ಯಾರೂ ಉಣ್ಣಲಿಲ್ಲ. ಪೂರ್ತಿ ಎಳೆದು ಮುಗಿಯುವ ಹೊತ್ತಿಗೆ ಗುಬ್ಬಿ ಅಳುತ್ತಾ ಹೇಳಿದಳು:

"ಅಜ್ಜಿ, ಅದು ಎಲ್ಲರ ಫೋನಲ್ಲೂ ಇದೆ. ಅಪ್ಪ ಕಳಿಸಿದ್ದಾರೆ."

ಅತ್ತೆ ರಾಶಿಯನ್ನು ಬಾಚಿ ಕಸದ ಬುಟ್ಟಿಗೆ ಹಾಕಿ ಕೈ ತೊಳೆದರು. ಮಾರನೆಯ ದಿನದಿಂದ ಸೊಸೆಯ ಜೊತೆ ಉಪ್ಪು, ನೀರು, ಒಣಹಾಕಿದ ಬಟ್ಟೆ, ಇಷ್ಟೇ ಮಾತು. ಬೈದಿದ್ದರೆ ಒಳ್ಳೆಯದಿತ್ತು.

ಗುರುವಾರ ಅತ್ತೆ ಮಧ್ಯಾಹ್ನವೇ ತಲೆ ಬಾಚಿಕೊಂಡು ಹೊರಟರು. ಸೊಸೆ ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿ ಹಿಂದೆಯೇ ನಡೆದಳು. ಅತ್ತೆ ಬಾ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಗುಂಡಿ ಅಂಗಡಿಯಲ್ಲಿ ಆಕೆ ಗಲ್ಲಾದ ಹಿಂದೆ ಲೇಸು ಅಳೆಯುತ್ತಿದ್ದರು. ಮುಖ ಎತ್ತಿ, ಗಿರಾಕಿಯನ್ನು ಕೇಳುವ ಹಾಗೆ, "ಏನು ಬೇಕಿತ್ತು?" ಎಂದರು.

ಸೊಸೆಯೇ ಮುಂದೆ ಬಂದಳು. "ಇವರದೇನೂ ತಪ್ಪಿಲ್ಲಮ್ಮ. ನನ್ನ ಹತ್ರ ಮಾತ್ರ ಹೇಳಿದ್ರು. ನಾನು ಮನೇಲಿ ಬಾಯಿ ಬಿಟ್ಟೆ."

"ನಿಮ್ಮ ಹತ್ರ ಹೇಳಿದ್ರಲ್ಲ," ಎಂದರು ಆಕೆ. "ತಪ್ಪು ಅದೇ."

"ಹೌದು," ಎಂದರು ಅತ್ತೆ.

ಒಳಗಿನಿಂದ ಆಕೆಯ ಮಗ ಬಂದ. ನಲವತ್ತು ದಾಟಿದ, ತಲೆ ನರೆತ ಮನುಷ್ಯ. ಕೈಯಲ್ಲಿ ಫೋನಿತ್ತು. ಅಂಗಡಿಗೆ ಬಂದ ಯಾರೋ ಗಿರಾಕಿ ಆ ಟೇಪನ್ನು ಅವನಿಗೂ ಕೇಳಿಸಿದ್ದರು. ನಾಲ್ಕು ದಿನದಿಂದ ತಾಯಿ ಮಗನಿಗೆ ಮಾತಿಲ್ಲ ಎಂಬುದು ಅವನು ಆಕೆಯ ಕಡೆ ನೋಡದೆ ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

"ನೀವೇನಾ ಆಪರೇಟರಮ್ಮ?" ಎಂದ. "ಒಂದೇ ಮಾತು ಕೇಳ್ತೀನಿ. ಅಪ್ಪ ಗುರುವಾರ ಗುರುವಾರ ಫೋನ್ ಮಾಡಿ ನನ್ನ ವಿಚಾರ ಕೇಳ್ತಿದ್ರು ಅಂತ ಅಮ್ಮ ಹೇಳಿ ಬೆಳೆಸಿದ್ಲು. ನನ್ನ ಮಕ್ಕಳಿಗೂ ನಾನು ಅದನ್ನೇ ಹೇಳಿದ್ದೀನಿ. ಅದೆಲ್ಲ ಸುಳ್ಳಾ?"

ಗುಂಡಿ ಅಂಗಡಿಯಾಕೆಯ ಕೈಯಲ್ಲಿ ಲೇಸು ಅರ್ಧ ಅಳತೆಗೆ ನಿಂತಿತು.

ಅತ್ತೆ ಬಲಗಿವಿ ಅವನ ಕಡೆ ತಿರುಗಿಸಿ, ಇನ್ನೊಮ್ಮೆ ಹೇಳಿ ಎಂದು ಹೇಳಿಸಿಕೊಂಡರು. ಆಮೇಲೆ ಬೋರ್ಡಿನ ಮುಂದಿನ ಆ ದನಿಯಲ್ಲಿ ಹೇಳಿದರು:

"ಫೋನ್ ಬರ್ತಿತ್ತಪ್ಪ. ಕೊನೇವರೆಗೂ ಬರ್ತಿತ್ತು. ಲೈನ್ ಹಾಕ್ತಿದ್ದೋಳು ನಾನು. ಆ ಟೇಪಲ್ಲಿರೋದು ನನ್ನ ಮಗ ಕಟ್ಟಿದ ಕಥೆ. ಜನರನ್ನ ನಗಿಸೋಕೆ ಅವನು ಏನು ಬೇಕಾದ್ರೂ ಹೇಳ್ತಾನೆ."

"ನೀವೇ ಹೇಳಿದ್ದು ಅಂದ್ರಂತಲ್ಲ?"

"ನನಗೆ ವಯಸ್ಸಾಯ್ತು. ಯಾರೇನು ಕೇಳಿದ್ರೋ ಕೇಳಿಸ್ಲಿಲ್ಲ, ಹೌದು ಅಂದೆ."

ಅವನು ಫೋನನ್ನು ಜೇಬಿಗಿಳಿಸಿದ. "ನನ್ನ ಬಗ್ಗೆ ಏನು ಕೇಳೋರು?"

"ಹಲ್ಲು ಬಂತಾ ಅಂತ ಕೇಳಿದ್ರು ಒಂದ್ಸಲ. ಕೆಳಗೆ ಎರಡು ಬಂದಿದೆ, ಬಾಗಿಲ ಪಟ್ಟಿ ಕಚ್ತಾನೆ ಅಂತ ನಿಮ್ಮಮ್ಮ ಹೇಳಿದ್ರು. ಇನ್ನೊಂದ್ಸಲ ನಿಮಗೆ ಜ್ವರ. ಅವತ್ತು ಪೂರ್ತಿ ಮೂರು ನಿಮಿಷ ಅದೇ ಮಾತು."

ಮಗ ಮೊದಲ ಸಲ ತಾಯಿಯ ಕಡೆ ತಿರುಗಿದ. ಆಕೆ ಲೇಸನ್ನು ಗಲ್ಲಾದ ಮೇಲಿಟ್ಟು, ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅತ್ತೆಗೆ ಹೋಗಿಬನ್ನಿ ಎಂದೂ ಅನ್ನಲಿಲ್ಲ.

ಬೀದಿಗಿಳಿದ ಮೇಲೆ ಅತ್ತೆ ಗೋಡೆ ಹಿಡಿದು ನಿಂತರು. ಸೊಸೆ ಕೈ ಕೊಡಹೋದಳು, ಅವರು ಹಿಡಿಯಲಿಲ್ಲ.

"ಇವತ್ತಿನದ್ದನ್ನ ನಿನ್ನ ಗಂಡನಿಗೆ ಹೇಳು," ಎಂದರು. "ಫೋನ್ ನಿಜವಾಗ್ಲೂ ಬರ್ತಿತ್ತಂತೆ, ಅತ್ತೆ ನನ್ನ ಹತ್ರ ಸುಮ್ಮನೆ ಬೊಗಳೆ ಬಿಟ್ಟಿದ್ರಂತೆ ಅಂತ ಹೇಳು."

"ನಾನಾ?"

"ನೀನು ಹೇಳಿದ್ರೆ ಬೇಗ ಊರು ಮುಟ್ಟುತ್ತೆ."

ಅತ್ತೆ ಮುಂದೆ ನಡೆದರು. ತನ್ನ ನಾಲಿಗೆಯ ಮೇಲೆ ತನಗೇ ಹೇಸಿಗೆಯಾಗಿ ಸೊಸೆ ಅಲ್ಲೇ ಚರಂಡಿಯ ಪಕ್ಕ ಉಗಿದಳು. ಸಂಜೆ ಊಟಕ್ಕೆ ಬಡಿಸುತ್ತಾ ಹೇಳಬೇಕಾದ್ದನ್ನು ಗಂಡನಿಗೆ ಹೇಳಿದಳು. ಭಾನುವಾರದ ಹೊತ್ತಿಗೆ ವ್ಯಾನಿನವನಿಗೂ ಗೊತ್ತಾಗಿತ್ತು.